ಹೊಂಬಾಳಮ್ಮ ನೋಡಿದ ಹಂಟರ್

ಮಳವಳ್ಳಿಯ ಗಗನ ಯುದ್ಧವಿಮಾನಗಳ ಚಿತ್ರ ಬರೆಯುವವಳು. ಅಂಥ ಚಿತ್ರಗಳನ್ನು ಹುಡುಕಿ ಹುಡುಕಿ ಕೂಡಿಡುವವರಿದ್ದಾರೆ; ಅವರಲ್ಲೊಬ್ಬ ಮಂಡ್ಯದ ಶ್ರೀಕರ. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಹಿಂದಿರುಗದ ಹಂಟರ್ ವಿಮಾನವೊಂದನ್ನು ಆತ ಬರೆಸುತ್ತಿದ್ದ. ಬಾಲದ ಮೇಲೆ ಅದರದೇ ನಂಬರು, ರೆಕ್ಕೆಯ ಬುಡದಲ್ಲಿ ಬೆಂಕಿ, ಎರಡೂ ಇರಲೇಬೇಕು ಅಂದಿದ್ದ. ನೋಡಿ ಒಪ್ಪಿಕೊಳ್ಳಲು ಅವನು ಬರಬೇಕಿದ್ದ ಮಧ್ಯಾಹ್ನವೇ ಬೆಳಕವಾಡಿಯಿಂದ ವಯಸ್ಸಾದ ಹೆಂಗಸೊಬ್ಬರು ಬಸ್ಸಿಳಿದು ಬಂದರು.

“ನಾನು ಹೊಂಬಾಳಮ್ಮ ಅಂತ. ನೀನು ಅರ್ಧ ಬರ್ದು ಪೋನಲ್ಲಿ ಆಕಿದ್ದೆಯಲ್ಲ, ನಮ್ ತಮ್ಮನ ಮಗಳು ತೋರ್ಸುದ್ಲು. ಆ ನಂಬರು ನಮ್ಮೆಜಮಾನ್ರ ಇಮಾನದ್ದು ಕಣವ್ವ.”

ಆಕೆಯ ಮುಖದಲ್ಲಿ ನಗುವಿತ್ತು. ಗಗನ ಬೆಂಕಿ ಬರೆದದ್ದು ಆ ದಿನ ಬೆಳಗ್ಗೆ; ಫೋನಿನಲ್ಲಿ ಹಾಕಿದ ಚಿತ್ರದಲ್ಲಿ ಅದಿರಲಿಲ್ಲ.

ಚಿತ್ರದ ಮುಂದೆ ನಿಂತ ಹೊಂಬಾಳಮ್ಮನ ನಗು ಇಂಗಿತು. ಸೆರಗನ್ನು ಮುದ್ದೆ ಮಾಡಿ ಬೆಂಕಿಯ ಹಸಿ ಬಣ್ಣದ ಮೇಲೆ ಒತ್ತಿಯೇಬಿಟ್ಟರು. ಗಗನ ಓಡಿಬಂದು ಕೈ ಹಿಡಿದಳು.

“ಬುಡು ಕೈಯ! ಕಾಣೆಯಾದ್ರು ಅಂತಷ್ಟೇ ಸರ್ಕಾರದೋರು ಯೋಳಿದ್ದು. ಸುಟ್ಟೋದ್ರು ಅಂತ ಯಾರೂ ಯೋಳ್ನಿಲ್ಲ. ನೀನು ನೋಡಿದ್ಯಾ?”

“ಇಲ್ಲ ಕಣಮ್ಮ.”

“ಮತ್ಯಾಕೆ ಬರ್ದೆ?”

ಹೊರಗೆ ಕಾರು ನಿಂತ ಸದ್ದಾಯಿತು.

ಒಳಗೆ ಬಂದ ಶ್ರೀಕರ ಕಲಸಿಹೋದ ಬಣ್ಣ ನೋಡಿ, “ಏನ್ರೀ ಇದು! ಯಾರಿವರು?” ಎಂದು ಕೂಗಿದ. ಯಾರೆಂದು ತಿಳಿದ ಮೇಲೆ ದನಿ ತಗ್ಗಿತು, ಪಟ್ಟು ಮಾತ್ರ ಸಡಿಲಲಿಲ್ಲ. “ಒಂದು ಕೆಲಸ ಮಾಡಿ. ನಂಬರಿನ ಮೇಲೆ ಬಣ್ಣ ಬಳಿದುಬಿಡಿ. ಆಗ ಅದು ಯಾರ ವಿಮಾನವೂ ಅಲ್ಲ. ಬೆಂಕಿ ಇರಲಿ.”

ಎಲ್ಲರಿಗೂ ಸಲ್ಲುವ ದಾರಿ ಅನ್ನಿಸಿತು ಗಗನಳಿಗೆ. ಬ್ರಶ್ಶನ್ನು ಬೂದುಬಣ್ಣಕ್ಕೆ ಅದ್ದಿದಳು.

“ನಂಬರು ಮುಟ್ಬೇಡ,” ಅಂದರು ಹೊಂಬಾಳಮ್ಮ. ಈ ಸಲ ಕೂಗಲಿಲ್ಲ. “ಇದ್ರಲ್ಲಿ ಅವರ್ದು ಅಂತಿರೋದು ಅದೊಂದೇಯ.”

ಗಗನಳ ಕೈ ಗಾಳಿಯಲ್ಲೇ ನಿಂತಿತು. ಶ್ರೀಕರ ಅವಳ ಮುಖವನ್ನೇ ನೋಡುತ್ತಿದ್ದ. ಅವನನ್ನು ಕಳೆದುಕೊಂಡರೆ ಅವನ ಗೆಳೆಯರೂ ಇತ್ತ ತಲೆಹಾಕುವುದಿಲ್ಲ, ಅದು ಅವಳಿಗೆ ಗೊತ್ತು. ಅವಳು ಬ್ರಶ್ಶು ಇಟ್ಟು, ಬಣ್ಣ ಕೆರೆಯುವ ಚಪ್ಪಟೆ ಚಾಕು ತೆಗೆದುಕೊಂಡು ಬೆಂಕಿಯನ್ನು ಕೆರೆಯತೊಡಗಿದಳು.

“ಹಾಗಾದ್ರೆ ನನಗೆ ಬೇಡ ಬಿಡಿ,” ಅಂದು ಶ್ರೀಕರ ಹೊರಟುಹೋದ. ಕಾರಿನ ಸದ್ದು ದೂರವಾಗುವವರೆಗೂ ಅವಳು ತಲೆಯೆತ್ತಲಿಲ್ಲ. ಕೆರೆದ ಜಾಗದಲ್ಲಿ ರೆಕ್ಕೆಗೆ ಬೂದು, ಸುತ್ತಲ ಆಕಾಶಕ್ಕೆ ನೀಲಿ ತುಂಬಿದಳು. ಹೊಂಬಾಳಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತು, ಆಕಾಶ ಪೂರ್ತಿ ಆಗುವ ತನಕ ಕಣ್ಣು ಕೀಳಲಿಲ್ಲ.

ಬಣ್ಣ ಒಣಗಿದ ಮೇಲೆ ಗಗನ ತಾನೇ ಅದನ್ನು ಬೆಳಕವಾಡಿಗೆ ಹೊತ್ತೊಯ್ದಳು. ಹೊಂಬಾಳಮ್ಮ ಗೋಡೆಗೆ ಮೊಳೆ ಹೊಡೆಸಿ ಕಾಯುತ್ತಿದ್ದರು.