ಓರಗಿತ್ತಿಯ ಬಾಗಿಲಿಗೆ ಬರುವ ವ್ಯಾನು

ಬೆಳಗ್ಗೆ ಹತ್ತಕ್ಕೆ ಪಕ್ಕದ ಮನೆಯ ಮುಂದೆ ವ್ಯಾನು ನಿಂತರೆ ಸಾಕು, ಚೀಲದಕ್ಕನ ಹೊಲಿಗೆ ಅಂಕುಡೊಂಕಾಗುತ್ತಿತ್ತು. ಪಕ್ಕದ ಮನೆ ಬೇರೆ ಯಾರದ್ದೂ ಅಲ್ಲ, ಮೈದುನನದೇ. ಅವನ ಹೆಂಡತಿ ಪುಟ್ಟಿಗೆ ಬಟ್ಟೆ ಚೀಲ ಹೊಲಿಯಲು ಕಲಿಸಿದವಳೂ ಚೀಲದಕ್ಕನೇ. ಈಗ ಪುಟ್ಟಿ ದೊಡ್ಡದೊಂದು ಆನ್‌ಲೈನ್ ತಾಣದಲ್ಲಿ ಚೀಲ ಮಾರುತ್ತಾಳೆ. ಚೀಲದಕ್ಕನ ಚೀಲಗಳು ಮಾತ್ರ ಇನ್ನೂ ಮೂಲೆ ಅಂಗಡಿಯ ಕೊಕ್ಕೆಯಲ್ಲಿ ನೇತಾಡುತ್ತಿವೆ.

"ನೋಡ್ರೀ, ಮತ್ತೆ ಬಂತು ವ್ಯಾನು! ಸೂಜಿಗೆ ದಾರ ಪೋಣಿಸೋಕೂ ಬರ್ತಿರಲಿಲ್ಲ ಅವಳಿಗೆ."

"ನಿನಗೆ ಹೊಟ್ಟೆಕಿಚ್ಚು ಕಣೇ," ಎಂದ ಗಂಡ.

"ಹೌದು, ಹೊಟ್ಟೆಕಿಚ್ಚೇ. ಏನೀಗ?"

ಸುಳ್ಳೇಕೆ, ಹೊಟ್ಟೆ ನಿಜವಾಗಿಯೂ ಉರಿಯುತ್ತಿತ್ತು. ಇನ್ನು ಮೂಲೆ ಅಂಗಡಿಗೆ ಒಂದು ಚೀಲವನ್ನೂ ಕೊಡುವುದಿಲ್ಲ, ಎಲ್ಲ ಆನ್‌ಲೈನಿಗೇ ಎಂದು ಅಂದೇ ತೀರ್ಮಾನಿಸಿದಳು. ಸಂಜೆ ಅಂಗಡಿಯವನಿಗೆ ಹೇಳಿಬಿಟ್ಟರೆ ಮುಗಿಯಿತು. ಆದರೆ ತಾಣಕ್ಕೆ ಸೇರುವುದು ಹೇಗೆಂದು ಪುಟ್ಟಿಯನ್ನೇ ಕೇಳಬೇಕಲ್ಲ! ಬಿಗುಮಾನ ನುಂಗಿಕೊಂಡು ಹೋದಳು.

ಒಳಗೆ ಮಂಚದ ಮೇಲೆ, ಕುರ್ಚಿಯ ಮೇಲೆ, ಎಲ್ಲೆಲ್ಲೂ ಪೊಟ್ಟಣ.

"ಇಷ್ಟೊಂದು ಆರ್ಡರಾ!"

"ಆರ್ಡರ್ ಅಲ್ಲಕ್ಕ, ವಾಪಸ್ ಬಂದಿರೋದು. ವ್ಯಾನು ಒಯ್ಯೋದಕ್ಕಿಂತ ತಂದು ಹಾಕೋದೇ ಜಾಸ್ತಿ." ಪುಟ್ಟಿ ಒಂದನ್ನು ಬಿಚ್ಚಿದಳು. ಚೀಲದ ತಳದಲ್ಲಿ ಎಣ್ಣೆಯ ಕಲೆ. "ವಾರ ಬಳಸಿ, ಬಣ್ಣ ಹಿಡಿಸಲಿಲ್ಲ ಅಂತ ಕಳಿಸಿದ್ದಾರೆ. ಸಾಗಣೆ ಖರ್ಚು ನನ್ನ ತಲೆಗೇ. ಮಾರಾಟ ಆದ್ರೆ ಕಮಿಷನ್ ಬೇರೆ."

"ಕೊಂಡವರಿಗೆ ಫೋನ್ ಮಾಡಿ ಕೇಳೋದಲ್ವೇನೇ?"

"ತಾಣದವರು ಅವರ ನಂಬರೇ ಕೊಡಲ್ಲ. ಚೀಲದೊಳಗೆ ನನ್ನ ನಂಬರಿನ ಚೀಟಿ ಇಡೋ ಹಾಗೂ ಇಲ್ಲ. ಇಲ್ನೋಡು."

ಫೋನಿನಲ್ಲಿ ಪುಟ್ಟಿಯದೇ ಚೀಲ, ಅವಳ ಮನೆಯ ಹಸಿರು ಕಿಟಕಿಯ ಮುಂದೆಯೇ ತೆಗೆದ ಫೋಟೊ. ಕೆಳಗೆ ಬೇರೆ ಯಾರದೋ ಹೆಸರು, ಅರ್ಧ ಬೆಲೆ.

"ಕದ್ದಿದ್ದಾರಲ್ಲೇ! ಸೇರೋವಾಗ ತಾಣದ ನಿಯಮಗಳನ್ನೆಲ್ಲ ಓದಲಿಲ್ವಾ?"

"ಒಪ್ಪಿಗೆ ಅಂತ ಇತ್ತು, ಒತ್ತಿಬಿಟ್ಟೆ. ಜಂಬದಲ್ಲಿ ಮೂಲೆ ಅಂಗಡಿಯಲ್ಲಿದ್ದ ನನ್ನ ಕೊಕ್ಕೆಯನ್ನೂ ಬಿಟ್ಟುಕೊಟ್ಟೆ. ಈಗ ಅಲ್ಲಿ ಪೊರಕೆ ನೇತು ಹಾಕಿದ್ದಾರೆ." ಪುಟ್ಟಿ ಫೋನನ್ನು ಪಕ್ಕಕ್ಕಿಟ್ಟಳು. "ನಿಜ ಹೇಳ್ಲಾ ಅಕ್ಕ? ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಜನ ಬಾಗಿಲಿಗೇ ಬಂದು ಚೀಲದಕ್ಕಾ ಅಂತ ಕೂಗ್ತಾರೆ. ನನ್ನ ಚೀಲ ಊರೂರು ಸುತ್ತಿ ಬಂದ್ರೂ ಹೊಲಿದವಳು ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ."

ಚೀಲದಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಮರುಕ್ಷಣವೇ ನಾಚಿಕೆಯೂ ಆಯಿತು.

ಸಂಜೆ ಅಂಗಡಿಗೆ ಹೋದಳು, ಆದರೆ ಬೇರೆಯೇ ಮಾತಾಡಿದಳು. "ಅಣ್ಣಾ, ನನ್ನ ಕೊಕ್ಕೆಯಲ್ಲಿ ಅರ್ಧ ಜಾಗ ಪುಟ್ಟಿಯ ಚೀಲಕ್ಕೆ."

ಮರುದಿನ ಅಂಗಡಿಯಲ್ಲಿ ಇಬ್ಬರ ಚೀಲಗಳನ್ನೂ ನೇತು ಹಾಕುತ್ತಿದ್ದಾಗ ಬಂದ ಮೊದಲ ಗಿರಾಕಿ ಎತ್ತಿಕೊಂಡಿದ್ದು ಪುಟ್ಟಿಯ ಚೀಲವನ್ನೇ. ಚೀಲದಕ್ಕನ ಹೊಟ್ಟೆ ಮತ್ತೆ ಚುರ್ರೆಂದಿತು. ಆದರೂ ಹಲ್ಲು ಕಚ್ಚಿ ಹೇಳಿದಳು: "ಹೊಲಿದವಳು ನನ್ನ ಓರಗಿತ್ತಿ. ಅವಳ ನಂಬರ್ ಬರ್ಕೊಳ್ಳಿ."

ಅಕ್ಕಂದಿರೇ, ಅಣ್ಣಂದಿರೇ, ಆನ್‌ಲೈನಿನಲ್ಲಿ ಮಾರಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಪುಟ್ಟಿಯೂ ಪೂರ್ತಿ ಬಿಟ್ಟಿಲ್ಲ. ಆದರೆ ಒಪ್ಪಿಗೆ ಒತ್ತುವ ಮುನ್ನ ನಿಯಮಗಳನ್ನು ಓದಿ, ಬಾರದಿದ್ದರೆ ಓದಿಸಿ ಕೇಳಿ. ಕಮಿಷನ್ ಎಷ್ಟು, ವಾಪಸಾದರೆ ಖರ್ಚು ಯಾರದು ಎಂದು ತಿಳಿದುಕೊಳ್ಳಿ. ನಿಮ್ಮನ್ನು ಗುರುತಿಸಿ ಕರೆಯುವ ಗಿರಾಕಿಯನ್ನು ಮಾತ್ರ ಕೈಬಿಡಬೇಡಿ. ಇನ್ನು ಪಕ್ಕದ ಮನೆಗೆ ವ್ಯಾನು ಬಂದರೆ ಹೊಟ್ಟೆ ಉರಿಸಿಕೊಳ್ಳುವ ಮೊದಲು ಒಮ್ಮೆ ಹೋಗಿ ನೋಡಿ, ಅದು ಒಯ್ಯಲು ಬಂದಿದೆಯೋ, ವಾಪಸ್ ಕೊಡಲು ಬಂದಿದೆಯೋ.