ಯಶೋದಾಬಾಯಿ ಹೇಳಿದ್ದು

"ಗಂಡ ದಾರು ಕುಡ್ದು ಸತ್ತಾನಂತ ನಿನ್ನ ಬಾಯಿಲಿಂದನ ಹೇಳೀದಿ. ಈಗ ಇಲ್ಲಿ ಬಂದು ಯಾರ ಮುಂದ ಅಳಾಕತ್ತಿ? ಮೊದಲ ಹೊರಗ ನಿಂದ್ರು. ಈಗರ ಫರಶಿ ಒರಸ್ಯಾರ."

ಯಶೋದಾಬಾಯಿ ಒಂದು ಹೆಜ್ಜೆ ಹಿಂದೆ ಸರಿದು ಹೊಸ್ತಿಲಿನಾಚೆ ನಿಂತಳು. ಕಾಲಿಗೆ ಮೆತ್ತಿದ ಕಬ್ಬಿನ ಹೊಲದ ಮಣ್ಣು ಬಿಳಿ ಫರಶಿಯ ಮೇಲೆ ಎರಡು ಕಡೆ ಉಳಿದಿತ್ತು. ಬಗ್ಗಿ ಸೆರಗಿನಿಂದ ಒರೆಸಲು ಹೋದಳು.

"ಬಿಡು ಬಿಡು, ಇನ್ನಷ್ಟು ಹೊಲಸು ಮಾಡಬ್ಯಾಡ," ಎಂದ ಅನೀಲಕುಮಾರ.

ಹುಮನಾಬಾದಿನ ಬಸ್‌ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅನೀಲಕುಮಾರನ ವಿಮಾ ಏಜೆನ್ಸಿ ಇತ್ತು. ಯಾವುದೋ ಒಂದೇ ಕಂಪನಿಯ ಚಾಕರಿ ಅವನದಲ್ಲ; ನಾಲ್ಕಾರು ಕಂಪನಿಗಳ ಪಾಲಿಸಿ ಅವನ ಹತ್ತಿರ ಸಿಗುತ್ತಿದ್ದವು. ಕಬ್ಬು ಕಡಿಯುವ ಹಂಗಾಮು ಶುರುವಾಗುವಾಗ ಅವನೇ ಬೇಮಳಖೇಡದ ಹೊಲಕ್ಕೆ ಬಂದು, ಅವಳ ಗಂಡ ಮಡೆಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು, ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡು ಹೋಗಿದ್ದ. "ನಾಳಿ ನಿನಗೇನರ ಆದ್ರ ನಿನ್ನ ಹೆಣ್ತಿ ಬೀದಿಗಿ ಬೀಳಬಾರದೋ ಮಡೆಪ್ಪ," ಎಂದಿದ್ದ.

"ನಾ ಹಂಗ ಹೇಳಿಲ್ರಿ ಸಾಹೇಬ್ರ. ನನ್ನ ಗಂಡ ತುಳಸಿ ಮಾಲಿ ಹಾಕಿದ ಮನಶ್ಯಾ. ದಾರು ಮುಟ್ಟಿದಾಂವ ಅಲ್ಲ."

"ಹೇಳಿಲ್ಲ? ಕೇಳು ಹಂಗಾರ."

ಅನೀಲಕುಮಾರ ಕಂಪ್ಯೂಟರಿನ ಪರದೆಯನ್ನು ಬಾಗಿಲ ಕಡೆಗೆ ತಿರುಗಿಸಿ ಏನೋ ಒತ್ತಿದ. ಒಬ್ಬ ಹುಡುಗಿಯ ದನಿ ಬಂತು. ಮೆತ್ತಗೆ, ಸ್ವಚ್ಛವಾಗಿ, ಪುಸ್ತಕ ಓದುವಂತೆ.

"ಅಪಘಾತದ ವೇಳೆ ಮೃತರು ಮದ್ಯದ ಪ್ರಭಾವದಲ್ಲಿದ್ದರೇ? ಹೌದು ಅಥವಾ ಇಲ್ಲ ಎಂದು ಹೇಳಿ."

ಆಮೇಲೆ ಅವಳದೇ ದನಿ: "ಹೌದ್ರಿ. ಮದ್ಯದಾಗೇ ಇದ್ದ್ರಿ."

ಯಶೋದಾಬಾಯಿ ತಲೆಯಾಡಿಸಿದಳು. "ಹೌದ್ರಿ, ಇದು ನಾನೇ ಹೇಳೀನಿ. ಖರೆನ ಅದ. ಮದ್ಯದಾಗೇ ಇದ್ದ. ಇದರಾಗ ಏನು ತಪ್ಪದ್ರಿ?"

ಒಳಗೆ ಚಹಾ ಕುಡಿಯುತ್ತ ಕೂತಿದ್ದ ಇಬ್ಬರು ಏಜೆಂಟರು ಗೊಳ್ಳೆಂದು ನಕ್ಕರು. ಒಬ್ಬನಿಗೆ ಚಹಾ ನೆತ್ತಿಗೇರಿತು.

"ಕೇಳಿದ್ರ್ಯಾ? ಮತ್ತೊಮ್ಮೆ ಹೇಳಿದ್ಳು!" ಅನೀಲಕುಮಾರ ಮೇಜು ಬಡಿದ. "ಹೋಗವ್ವ. ನಿನ್ನ ಫೈಲು ಬಂದ್ ಆಗೇದ."

ಮೂಲೆಯಲ್ಲಿ ಕೂತಿದ್ದ ಹುಮೇರಾ ಮಾತ್ರ ನಗಲಿಲ್ಲ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ, ಐದು ವರ್ಷದಿಂದ ಅಲ್ಲಿ ಕೆಲಸ. ಅವಳು ಎದ್ದು ಹೊರಗೆ ಬಂದು ಯಶೋದಾಬಾಯಿಯ ರಟ್ಟೆ ಹಿಡಿದು ಗೋಡೆಯ ಮರೆಗೆ ಕರೆದೊಯ್ದಳು.

"ಮೌಶಿ, ಮದ್ಯ ಅಂದ್ರ ಏನು ತಿಳಕೊಂಡ್ರಿ ನೀವು?"

"ನಡುವ ಅಂತ. ನಮ್ಮ ತವರಮನಿ ಉಮರ್ಗಾ ಕಡಿ, ಮರಾಠಿ ಸೀಮಿ. ಮಧ್ಯೆ ಅಂದ್ರ ನಡುವನ ಅಲ್ಲೇನು? ಎರಡು ಟ್ರಾಲಿ ನಡುವನ ಸಿಕ್ಕಿದ್ದ ಅಂವ. ಅದನ್ನ ಹೇಳ್ದೆ."

ಹುಮೇರಾ ಕಣ್ಣು ಮುಚ್ಚಿದಳು. "ಫೋನಿನಾಗ ಆ ಮಷೀನ್ ಕೇಳಿದ್ದು ಬ್ಯಾರೆ ಮದ್ಯ, ಮೌಶಿ. ಬುಕ್ಕಿನ ಭಾಷಾದಾಗ ಮದ್ಯ ಅಂದ್ರ ದಾರು."

ಯಶೋದಾಬಾಯಿ ಗೋಡೆಗೆ ಬೆನ್ನು ಆನಿಸಿಕೊಂಡು ಕೂತಳು.

ಮಡೆಪ್ಪ ಸತ್ತದ್ದು ಹೇಗೆಂದು ಕಬ್ಬು ಕಡಿಯುವ ಇಡೀ ಗ್ಯಾಂಗಿಗೆ ಗೊತ್ತಿತ್ತು. ಗುತ್ತಿಗೆದಾರ ಶ್ರೀಮಂತ ಪಾಟೀಲನ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ, ಕಟ್ಟಿದ ಕಬ್ಬು ಮನೆಯಷ್ಟು ಎತ್ತರ. ಹಳ್ಳಿಖೇಡದ ದಾರಿಯ ಏರಿನಲ್ಲಿ ಎಂಜಿನ್ನು ಏದುಸಿರು ಬಿಟ್ಟು ನಿಂತಿತು. ಬ್ರೇಕು ಸರಿಯಿಲ್ಲವೆಂದು ಡ್ರೈವರ್ ದಿಲೀಪ ಎಂಟು ದಿನದಿಂದ ಹೇಳುತ್ತಿದ್ದ. ಹಂಗಾಮು ಮುಗಿಯಲಿ ಎಂದು ಪಾಟೀಲ ಹೇಳುತ್ತಿದ್ದ. ಟ್ರಾಲಿಯ ನಡುವಿನ ಕೊಂಡಿ ನೋಡಲು ಮಡೆಪ್ಪನನ್ನು ಇಳಿಸಿದರು. ಅವನು ಬಗ್ಗಿದ್ದಾಗ ಮುಂದಿನ ಟ್ರಾಲಿ ಹಿಂದಕ್ಕೆ ಜಾರಿತು. ಕೂಗಲಿಕ್ಕೂ ಪುರಸೊತ್ತು ಸಿಗಲಿಲ್ಲ.

ಹದಿನಾರು ವರ್ಷ ಕೊರಳಲ್ಲಿ ತುಳಸಿ ಮಾಲೆ ಹಾಕಿ, ಪ್ರತಿ ಆಷಾಢಕ್ಕೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ ಮನುಷ್ಯ. ಮಾಂಸ ಬಿಟ್ಟಿದ್ದ, ಬೀಡಿ ಬಿಟ್ಟಿದ್ದ. ಮದುವೆ ಮನೆಗಳಲ್ಲಿ ಓಣಿಯ ಗಂಡಸರು ಬಾಟಲಿ ತೆಗೆದರೆ ಎದ್ದು ದನದ ಕೊಟ್ಟಿಗೆಗೆ ಹೋಗಿ ಕೂತುಬಿಡುತ್ತಿದ್ದ. ಸಂಗಾತಿಗಳು ಅದಕ್ಕೇ ಅವನನ್ನು "ಮಹಾರಾಜ" ಎಂದು ಕಾಡುತ್ತಿದ್ದರು.

ವಿಮೆಯ ಫೋನು ಬಂದದ್ದು ಅವನು ಸತ್ತ ಹದಿನೈದನೇ ದಿನ. ನಳದ ಮುಂದೆ ಕೊಡ ಇಟ್ಟುಕೊಂಡು ಪಾಳಿಯಲ್ಲಿ ನಿಂತಿದ್ದಳು. ಹುಮೇರಾಳ ದನಿ ಕೇಳಿ ಜೀವಕ್ಕೆ ಹಾಯೆನಿಸಿತು. ಹೋದ ವರ್ಷ ನೆರೆಮನೆಯವಳ ಎಮ್ಮೆ ಸತ್ತಾಗ ಇದೇ ಹುಡುಗಿ ವಿಮೆಗಾಗಿ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಒಂದೊಂದೇ ಮಾತು ಕೇಳಿ ಬರೆದುಕೊಂಡು ಹೋಗಿದ್ದಳು. ಅದೇ ಭರವಸೆಯಲ್ಲಿ ಯಶೋದಾಬಾಯಿ ಕೇಳಿದ್ದಕ್ಕೆಲ್ಲ ಹೌದ್ರಿ ಹೌದ್ರಿ ಎಂದಳು.

"ಅವತ್ತು ಫೋನಿನಾಗ ಮಾತಾಡಿದಾಕಿ ನೀನೇ ಅಲ್ಲೇನು ಬೇಟಿ? ನಿನ್ನದೇ ದನಿ ಇತ್ತಲ್ಲ?"

"ದನಿ ನಂದೇ, ಮೌಶಿ. ನಾ ಅಲ್ಲ." ಹುಮೇರಾ ಕೈ ಹಿಸುಕಿಕೊಂಡಳು. "ಎಂಟು ದಿನ ಒಂದು ರೂಮಿನಾಗ ಕೂಡ್ಸಿ ಏನೇನೋ ಓದಿಸಿದ್ರು. ಹೈದರಾಬಾದಿನ ಕಂಪನಿಯವ್ರಿಗಿ ಬೇಕಂದ್ರು. ಈಗ ಆ ಮಷೀನ್ ನನ್ನ ದನಿಲೆ ದಿನಕ್ಕ ಮುನ್ನೂರು ಮಂದಿಗಿ ಫೋನ್ ಮಾಡ್ತದ. ಕೇಳೂದೂ ಅದೇ, ಬರ್ಕೊಳ್ಳೂದೂ ಅದೇ, ಖರೆ ಸುಳ್ಳ ಅನ್ನೂದೂ ಅದೇ. ಬರೂ ತಿಂಗಳಿಂದ ನನಗ ಅರ್ಧಾ ದಿನದ ಕೆಲಸಂತ."

ಇಬ್ಬರೂ ಮತ್ತೆ ಒಳಗೆ ಹೋದರು. ಹುಮೇರಾ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಅನೀಲಕುಮಾರ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಪಗಾರ ನಂದು ತಿಂತಿ, ವಕೀಲಕಿ ಇಕೀದು ಮಾಡ್ತಿ? ನೋಡು, ಮಷೀನಿಗಿ ಜಾತಿ ಇಲ್ಲ, ಬಳಗ ಇಲ್ಲ. ನಿಮ್ಮಂಗ ಅಯ್ಯೋ ಪಾಪ ಅಂತ ಫೈಲ್ ಕೆಡಸೂದಿಲ್ಲ. ಹೌದು ಅಂದ್ರ ಹೌದು."

"ಸರ್, ದವಾಖಾನಿ ರಿಪೋರ್ಟ್ ನೋಡ್ರಿ. ಹೊಟ್ಟಿ ಸ್ಯಾಂಪಲ್ ಕಲಬುರಗಿ ಲ್ಯಾಬಿಗಿ ಹೋಗೇದ."

"ಬಂದದೇನು?"

"ಇನ್ನಾ ಬಂದಿಲ್ರಿ."

"ಬರೂತನಕ ಕಂಪನಿ ಬಾಯಿ ತಕ್ಕೊಂಡು ಕೂಡತದೇನು? ಅಪೀಲ್ ಹಾಕು. ಗುರುವಾರ ಫೋನ್ ಬರತದ."

"ಯಾರು ಮಾಡ್ತಾರ್ರಿ?" ಯಶೋದಾಬಾಯಿ ಕೇಳಿದಳು.

"ಅದೇ ಮಷೀನ್," ಎಂದ ಅವನು.

ಊರಿಗೆ ಅವಳು ಮುಟ್ಟುವ ಮೊದಲೇ ಅವಳ ಮಾತು ಮುಟ್ಟಿತ್ತು. ಅನೀಲಕುಮಾರ ಆ ದನಿಯನ್ನು ಶ್ರೀಮಂತ ಪಾಟೀಲನ ಮೊಬೈಲಿಗೆ ಕಳಿಸಿದ್ದ. ಪಾಟೀಲ ಅದನ್ನು ಠಾಣೆಯಲ್ಲಿ ಕೇಳಿಸಿದ: ನೋಡ್ರಿ, ಹೆಣ್ತಿನ ಹೇಳ್ಯಾಳ, ಕುಡ್ದು ಬಂದು ಟ್ರಾಲಿ ನಡುವ ಬಿದ್ದಾನ, ನನ್ನ ಗಾಡಿದೇನು ತಪ್ಪು? ಆಮೇಲೆ ಅದು ಚಹಾದಂಗಡಿಗೆ ಬಂತು, ಕಟಿಂಗ್ ಅಂಗಡಿಗೆ ಬಂತು. ಯಾರ ಮೊಬೈಲು ಒತ್ತಿದರೂ ಅವಳೇ: ಹೌದ್ರಿ, ಮದ್ಯದಾಗೇ ಇದ್ದ್ರಿ.

ಬಾಗಿಲಲ್ಲಿ ಮಡೆಪ್ಪನ ಅಣ್ಣ ಪಂಡರಿ ನಿಂತಿದ್ದ. ಅವನ ಕೊರಳಲ್ಲೂ ಮಾಲೆ. ಇಬ್ಬರೂ ಕೂಡಿಯೇ ಹಾಕಿಸಿಕೊಂಡವರು.

"ನನ್ನ ತಮ್ಮಗ ಕುಡುಕ ಅಂದೆಲ್ಲ. ನಿನ್ನ ನಾಲಿಗಿ ಯಾಕ ಸೇದಿ ಹೋಗಲಿಲ್ಲ?"

"ಭಾವ, ನಾ ಹೇಳಿದ್ದು ನಡುವ ಅಂತ. ಅವರು ಕೇಳಿದ್ದು..."

"ಊರ ಮಂದಿಯೆಲ್ಲ ಕೇಳ್ಯಾರ. ನಾನೂ ಕೇಳೀನಿ. ನಿನ್ನ ಬಾಯಿನ ಅದ." ಪಂಡರಿ ಕೊರಳ ಮಾಲೆ ಹಿಡಿದುಕೊಂಡ. "ಭಜನಿ ಮಂಡಳಿಯವರು ಕೂಡಿದ್ರು. ತಿಂಗಳ ದಿವಸಕ್ಕ ಅವನ ಹೆಸರಿಲೆ ಭಜನಿ ಹಚ್ಚೂದಿಲ್ಲಂತ. ಮಾಲಿ ಹಾಕಿ ದಾರು ಕುಡ್ದಾಂವಗ ಯಾರು ತಾಳ ಹಿಡೀತಾರ?"

"ನಿಮ್ಮ ಜತಿ ಪಂಢರಪುರಕ್ಕ ಹದಿನಾರು ವಾರಿ ನಡದಾನ. ನಿಮಗರ ಗೊತ್ತಿಲ್ಲೇನು ಭಾವ?"

ಪಂಡರಿ ಹೊರಟ. ನಾಲ್ಕು ಹೆಜ್ಜೆ ಹೋಗಿ ಹೇಸರಗತ್ತೆಯಂತೆ ಗಕ್ಕನೆ ನಿಂತು, ತಿರುಗದೆಯೇ ಹೇಳಿದ: "ನನಗ ಗೊತ್ತದ. ನನಗ ಗೊತ್ತಿದ್ದು ಏನು ಮಾಡೂದದ?"

ಗುರುವಾರ ಹುಮೇರಾ ರಜೆ ಹಾಕಿ ಬಂದಳು. ಯಶೋದಾಬಾಯಿ ಕೆಲಸಕ್ಕೆ ಹೋಗಿದ್ದಳು. ಕೂತರೆ ಒಲೆ ಉರಿಯುವಂತಿರಲಿಲ್ಲ. ಹೊಲ ಅದೇ ಪಾಟೀಲನ ಗುತ್ತಿಗೆಯದು. ಹುಮೇರಾ ಬದುವಿನ ಮೇಲೆ ಅವಳ ಪಕ್ಕ ಕೂತಳು. ಮಧ್ಯಾಹ್ನ ಊಟದ ಬುತ್ತಿ ಬಿಚ್ಚುವ ಹೊತ್ತಿಗೆ ಫೋನು ಬಡಿಯಿತು. ಕಬ್ಬು ಕಡಿಯುತ್ತಿದ್ದ ಹೆಂಗಸರು ಕೋಯ್ತಾ ಕೆಳಗಿಟ್ಟು ಹತ್ತಿರ ಬಂದರು.

"ನಮಸ್ಕಾರ. ತಾವು ಮೇಲ್ಮನವಿ ಸಲ್ಲಿಸಿದ್ದೀರಿ. ಈ ಕರೆಯನ್ನು ದಾಖಲಿಸಲಾಗುತ್ತಿದೆ."

ಹೆಂಗಸರು ಹುಮೇರಾಳ ಮುಖ ನೋಡಿದರು, ಫೋನು ನೋಡಿದರು. ಒಬ್ಬಳು ಹೆದರಿ ಎದೆ ಮುಟ್ಟಿಕೊಂಡಳು.

"ತಾವು ಈ ಹಿಂದೆ ನೀಡಿದ ಹೇಳಿಕೆ ಸುಳ್ಳೇ? ಹೌದು ಅಥವಾ ಇಲ್ಲ ಎಂದು ಹೇಳಿ."

ಯಶೋದಾಬಾಯಿ ಹುಮೇರಾಳ ಕಡೆ ತಿರುಗಿದಳು. ಹುಮೇರಾ ಹತ್ತಿರ ಸರಿದಳು. ಫೋನಿನ ಮೇಲೆ ಅಂಗೈ ಮುಚ್ಚಿ ಪಿಸುಗುಟ್ಟಿದಳು: "ಹೌದು ಅಂದ್ರ, ಸುಳ್ಳ ಹೇಳಿ ರೊಕ್ಕ ಹೊಡಿಯಾಕ ಬಂದಾಳಂತ ನಿಮ್ಮ ಮ್ಯಾಲೇ ಕೇಸ್ ಹಾಕ್ತಾರ. ಇಲ್ಲ ಅಂದ್ರ..."

"ಇಲ್ಲ ಅಂದ್ರ ಅಂವ ಕುಡುಕ."

"ಹೌದು, ಮೌಶಿ."

"ಕ್ಷಮಿಸಿ, ತಮ್ಮ ಉತ್ತರ ಅರ್ಥವಾಗಲಿಲ್ಲ," ಎಂದಿತು ಫೋನು.

ಯಶೋದಾಬಾಯಿ ಅದನ್ನು ಬಾಯಿಯ ಹತ್ತಿರ ತಂದಳು. "ಏ ಕೇಳಿಲ್ಲಿ. ಎರಡು ಮಾತಿನಾಗ ಹೇಳೂದಲ್ಲ ಇದು. ಏರಿನ್ಯಾಗ ಗಾಡಿ ನಿಂತಿತ್ತು. ಬ್ರೇಕಿದ್ದಿಲ್ಲ. ಕೊಂಡಿ ನೋಡಂತ ಇಳಿಸಿದ್ರು. ಎರಡು ಟ್ರಾಲಿ ನಡುವ ಅಂವ..."

"ಕ್ಷಮಿಸಿ. ಹೌದು ಅಥವಾ ಇಲ್ಲ ಎಂದು ಹೇಳಿ."

"ನಿನ್ನ ಹೌದಿಗಿ ಬೆಂಕಿ ಹಚ್ಚಲಿ! ನಿನಗ ಕಿವಿ ಅದ ಏನು ತೂತದ? ಪಕ್ಕಡಿ ಎಲುಬು ಮುರದು ಎದಿಯೊಳಗ ಹೊಕ್ಕಿತ್ತು ನನ್ನ ಗಂಡಂದು. ಅದನ್ನ ಬರ್ಕೋ. ಬರ್ಕೊಳ್ಳೋ ಭಾಡ್ಯಾ!"

ಹುಮೇರಾ ತಡೆಯಲಾರದೆ ಫೋನು ಕಸಿದುಕೊಂಡಳು. "ನಾ ಏಜೆನ್ಸಿಯ ಹುಮೇರಾ ಮಾತಾಡಾಕತ್ತೇನಿ. ಇವರ ಮಾತು ತಪ್ಪು ದಾಖಲಾಗೇದ. ದಯವಿಟ್ಟು ಮನುಷ್ಯಾರಿಗಿ ಕೊಡ್ರಿ. ಯಾರರ ಒಬ್ಬ ಮನುಷ್ಯಾರಿಗಿ ಕೊಡ್ರಿ."

"ಕರೆಯಲ್ಲಿ ಅನ್ಯ ವ್ಯಕ್ತಿಯ ಧ್ವನಿ ಪತ್ತೆಯಾಗಿದೆ. ಮೇಲ್ಮನವಿಯನ್ನು ಮುಕ್ತಾಯಗೊಳಿಸಲಾಗಿದೆ. ಧನ್ಯವಾದಗಳು."

ಫೋನು ಸುಮ್ಮನಾಯಿತು. ಹುಮೇರಾ ತನ್ನ ಗಂಟಲನ್ನು ಕೈಯಿಂದ ಹಿಡಿದುಕೊಂಡು ಕೂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಸಾಲಿಗೆ ಮರಳಿದರು.

ಹೊಲದ ಆ ತುದಿಯಲ್ಲಿ ಹೇರಿದ ಟ್ರ್ಯಾಕ್ಟರು ಹೊರಡಲು ಎಂಜಿನ್ನು ಗುಡುಗಿಸುತ್ತಿತ್ತು. ಮೇಲೆ ದಿಲೀಪ. ಅದೇ ಗಾಡಿ, ಅವೇ ಎರಡು ಟ್ರಾಲಿ. ಕೊಂಡಿಯ ಹತ್ತಿರ ಹೊಸ ಕೆಂಪು ಬಣ್ಣ. ಶ್ರೀಮಂತ ಪಾಟೀಲ ಬುಲೆಟ್ ಗಾಡಿಯ ಮೇಲೆ ಕೂತು ಹಗ್ಗ ಬಿಗಿಸುವವರನ್ನು ಬೈಯುತ್ತಿದ್ದ.

ಯಶೋದಾಬಾಯಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಡೆದು, ಟ್ರ್ಯಾಕ್ಟರಿನ ಮುಂದೆ ಗಾಲಿ ಹಾದಿಯಲ್ಲಿ ಕಾಲು ಮಡಚಿ ಕೂತಳು.

"ಏ ರಂಡಮುಂಡಿ, ಏಳು! ಫ್ಯಾಕ್ಟರ್ಯಾಗ ತೂಕಿನ ಪಾಳಿ ಹೋಗತದ," ಪಾಟೀಲ ಕೂಗಿದ.

ಅವಳು ಅವನ ಕಡೆ ನೋಡಲಿಲ್ಲ. ಕತ್ತೆತ್ತಿ ಡ್ರೈವರನನ್ನು ನೋಡಿದಳು.

"ದಿಲೀಪ, ನೀ ಇಳೀಬ್ಯಾಡ. ಅಲ್ಲೇ ಕುಂತು ಹೇಳು. ಅವತ್ತು ಮುಂಜಾನಿ ನಾ ಕಟ್ಟಿದ ರೊಟ್ಟಿ ಇಬ್ಬರೂ ಹಂಚಿ ತಿಂದೀರಿ. ಅವನ ಮೈಯ್ಯಾಗ ದಾರು ನಾತ ಇತ್ತೇನು? ಇವರೆಲ್ಲರ ಮುಂದ ನಿನ್ನ ಬಾಯಿಲೆ ಹೇಳು."

ದಿಲೀಪ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದ. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು.

"ಎಲ್ಲಾರೂ ಸತ್ತೀರೇನು? ಇಕೀನ್ನ ಎಳ್ದು ಒಗೀರಿ!" ಎಂದ ಪಾಟೀಲ.

ಹಗ್ಗ ಹಿಡಿದವರು ಹಗ್ಗ ಹಿಡಿದೇ ನಿಂತರು. ಕೋಯ್ತಾ ಹಿಡಿದ ಹೆಂಗಸರು ಸಾಲಿನಿಂದ ಹೊರಗೆ ಬಂದು ನಿಂತರು, ಮುಂದಕ್ಕೆ ಬರಲಿಲ್ಲ. ಹಂಗಾಮು ಇನ್ನೂ ಎರಡು ತಿಂಗಳಿತ್ತು. ಹುಮೇರಾ ಒಬ್ಬಳು ಓಡಿ ಬಂದು, ಬುರ್ಖಾ ಮಣ್ಣಾದೀತೆಂದು ನೋಡದೆ, ಯಶೋದಾಬಾಯಿಯ ಮಗ್ಗುಲಿಗೆ ಕೂತಳು.

"ಹೇಳೋ ದಿಲೀಪ," ಯಶೋದಾಬಾಯಿಯ ದನಿ ಇಳಿಯಿತು. "ಬ್ಯಾರೇನೂ ಕೇಳವಲ್ಲೆ. ಇಷ್ಟ ಹೇಳು."

ಪಾಟೀಲ ಬುಲೆಟ್ಟಿನಿಂದ ಇಳಿದು, ನಿಧಾನವಾಗಿ ಬಂದು, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟ. ಈಗ ಅವನು ಕೂಗಲಿಲ್ಲ.

"ಹೊಡಿ ಗಾಡಿ."

ದಿಲೀಪ ಅವಳನ್ನು ಒಮ್ಮೆ ನೋಡಿದ. ಅವನ ಕಣ್ಣು ತುಂಬಿದ್ದವು. ಎಂಜಿನ್ನಿನ ಸದ್ದು ಏರಿತು, ಹೊಗೆ ಕೊಳವೆಯಿಂದ ಕರಿ ಹೊಗೆ ಎದ್ದು ಕಬ್ಬಿನ ಮೇಲೆ ಹರಡಿತು. ಗೇರು ಬಿದ್ದದ್ದು ಎಲ್ಲರಿಗೂ ಕೇಳಿಸಿತು.

ಯಶೋದಾಬಾಯಿ ಏಳಲಿಲ್ಲ.