ನೆಲಕ್ಕೆ ಸುರಿದ ನೀರು

ಕೊಳೆತ ಮೊಟ್ಟೆಯ ವಾಸನೆ, ಜೊತೆಗೆ ತುಕ್ಕು ಹಿಡಿದ ಕಬ್ಬಿಣದ್ದು. ಅಪ್ಪ ಗಣಿಯಿಂದ ಬಂದು ಹಿತ್ತಿಲ ಬಾಗಿಲಲ್ಲಿ ಬಿಚ್ಚಿಟ್ಟ ಪ್ಯಾಂಟಿನಿಂದ ಅದು ಏಳುತ್ತಿತ್ತು. ಅಮ್ಮ ಮೂರು ನೀರಿನಲ್ಲಿ ಹಿಂಡಿದರೂ ಹೋಗುತ್ತಿರಲಿಲ್ಲ.

"ಇದು ನಿಂತ ನೀರಿನ್ ನಾತ ಕಣವ್ವಾ," ಎನ್ನುತ್ತಿದ್ದ ಅಪ್ಪ. "ಬಂಡೆಯಿಂದ ಜಿನುಗೋ ನೀರು ನಾರಕಿಲ್ಲ. ನಾರ್ತು ಅಂದ್ರೆ ಅದ್ರ ಹಿಂದೆ ಯಾವ್ದೋ ಹಳೇ ಬಿಲ ತುಂಬ್ಕಂಡ್ ಕುಂತದೆ ಅಂತ."

ಅಪ್ಪ ಎದೆಯಲ್ಲಿ ಧೂಳು ತುಂಬಿಕೊಂಡು ಸತ್ತ. ಅವನು ದುಡಿದ ಸುರಂಗಗಳನ್ನು ಮುಚ್ಚಿದರು. ಅವುಗಳಲ್ಲಿ ನೀರು ತುಂಬಿಕೊಂಡಿತು. ಗಣಿಯವರ ಸಂಘ ನನ್ನನ್ನು ಸಿಡ್ನಿಯ ಕಾಲೇಜಿಗೆ ಕಳಿಸಿತು. ಓದಿ ಬಂದು ಅದೇ ಗಣಿಯ ಬಾಯಲ್ಲಿ, ತಗಡಿನ ಕೋಣೆಯೊಂದರಲ್ಲಿ ಕುಳಿತೆ. ತಳದಲ್ಲಿ ಪಂಪು ನೋಡಿಕೊಳ್ಳುವವನು ಪಾಳಿ ಮುಗಿಸಿ ಬಂದು ಹೇಳುವ ನೀರಿನ ಅಳತೆಯನ್ನು ಹೊರಗಿನ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಕೆಳಗೆ ನೀರು ಹರಿಯುವ ಕಾಲುವೆಗೆ ಅಡ್ಡಲಾಗಿ, ಕಚ್ಚು ಕೊಯ್ದ ಹಲಗೆಯೊಂದನ್ನು ನಿಲ್ಲಿಸಿದ್ದರು. ಆ ಕಚ್ಚಿನಲ್ಲಿ ನೀರು ಆರು ಇಂಚು ದಾಟಿದರೆ ಕಲ್ಲಿದ್ದಲು ಕಡಿಯುವುದನ್ನು ನಿಲ್ಲಿಸಿ, ಮುಂದಕ್ಕೆ ಉದ್ದನೆಯ ತೂತು ಕೊರೆದು ಆಚೆ ನೀರು ನಿಂತಿದೆಯೇ ಎಂದು ನೋಡಬೇಕು. ಅದು ನಿಯಮ.

ಪಂಪಿನವನ ಹೆಸರು ಕಾಜಿಸ್. ಯುದ್ಧದಲ್ಲಿ ಊರು ಕಳೆದುಕೊಂಡು ಹಡಗು ಹತ್ತಿ ಬಂದ ಲಿಥುವೇನಿಯಾದವನು. ಎರಡು ವರ್ಷ ಸರ್ಕಾರ ಹಾಕಿದ ಕಡೆ ಅವನು ದುಡಿಯಬೇಕಿತ್ತು. ನಮ್ಮವರು ಅವನ ಜೊತೆ ಒಂದು ಬೆಂಚಿನ ಮೇಲೆ ಉಣ್ಣುತ್ತಿರಲಿಲ್ಲ. ಸಂಘದ ಹಿರಿಯ ಆಲ್ಫ್ ಪೆನ್‌ರೋಸ್ ಅಂತೂ ಅವನು ಬಂದರೆ ಊಟದ ಡಬ್ಬಿ ಎತ್ತಿಕೊಂಡು ಆಚೆ ಸರಿಯುತ್ತಿದ್ದ.

ಆ ಜನವರಿಯ ನಡುಬೇಸಿಗೆಯಲ್ಲಿ ಮೂರು ದಿನ ಸತತವಾಗಿ ಕಾಜಿಸ್ ಬಂದು "ಏಳು ಇಂಚು" ಎಂದ. ಮೂರು ದಿನವೂ ಉಪಮ್ಯಾನೇಜರ್ ಹ್ಯಾಡೋ ನನ್ನ ಬೆನ್ನ ಹಿಂದೆ ನಿಂತು, "ನಾಲ್ಕು ಅಂತ ಬರಿ. ಆ ಪರದೇಶಿ ನನ್ಮಗಂಗೆ ಎಣ್ಸೋಕ್ ಬರಲ್ಲ," ಎಂದ. ನನ್ನ ತಮ್ಮ ಹ್ಯೂ ಹಗಲು ಪಾಳಿಯಲ್ಲಿ, ಅಪ್ಪನ ಹಳೆಯ ಬಿಲಗಳ ದಿಕ್ಕಿಗೇ ಕಡಿಯುತ್ತ ಹೋಗುತ್ತಿದ್ದ. ಅಮ್ಮ ಇದ್ದ ಮನೆ ಕಂಪನಿಯದು. ನಾಲ್ಕು ಎಂದು ಬರೆದೆ.

ನಾಲ್ಕನೆಯ ದಿನ ಬೆಳಗಾಗುವಾಗಲೇ ಬಿಸಿಗಾಳಿ ಎದ್ದಿತ್ತು. ಹಗಲು ಪಾಳಿಯವರು ಕೆಳಗಿಳಿಸುವ ಕೇಜಿನ ಮುಂದೆ ಸಾಲು ನಿಂತಿದ್ದರು. ಸೊಂಟದವರೆಗೆ ತೊಯ್ದ ಕಾಜಿಸ್ ಮೇಲೆ ಬಂದವನೇ ನನ್ನ ಕಿಟಕಿಯೊಳಗೆ ತನ್ನ ನೀರಿನ ಬಾಟಲಿ ಚಾಚಿದ.

"ಮಿಸ್, ಮೂಸಿ."

ಬಿರಡೆ ತೆಗೆದೆ. ಅಪ್ಪನ ಪ್ಯಾಂಟು.

"ಎಲ್ಲೀದು?"

"ಹೊಸ ಗೋಡೆ, ಇವರು ಕಡಿಯೋದು. ನಿನ್ನೆ ತೊಟ್ಟು, ತೊಟ್ಟು. ಇವತ್ತು..." ಅವನು ಕಿರುಬೆರಳು ತೋರಿಸಿದ. "ಇಷ್ಟು ದಪ್ಪ."

ಹ್ಯಾಡೋ ಅಲ್ಲಿಗೇ ಬಂದ. "ಏನೋ ಅದು, ನಿಮ್ಮೂರಿನ ಸಾರಾಯೇನೋ?"

"ಸಾಹೇಬ್ರೇ, ಕೆಟ್ಟ ನೀರು. ಇವತ್ತು ಎಂಟು ಇಂಚು. ತೂತು ಕೊರೀಬೇಕು."

"ನಂಗೇ ಹೇಳ್ಕೊಡ್ತೀಯೇನೋ ಬೇವರ್ಸಿ? ನೆಟ್ಟಗೆ ನಾಲ್ಕು ಮಾತು ಬರಲ್ಲ, ಗಣಿ ನಡ್ಸೋಕ್ ಬಂದ. ನಿನ್ನ ಉಚ್ಚೇನ ತುಂಬ್ಕೊಂಡ್ ಬಂದು ನೀರು ಅಂತೀಯಾ?"

ಸಾಲಿನಲ್ಲಿ ಕೆಲವರು ನಕ್ಕರು. ನಾನು ಎದ್ದು ನಿಂತೆ.

"ಸಾರ್, ಇದು ಹಳೇ ಬಿಲದ ನೀರು. ನಮ್ಮಪ್ಪ ಹೇಳ್ತಿದ್ರು..."

"ನಿಮ್ಮಪ್ಪ ಸತ್ತು ಮಣ್ಣಾದ ಕಣಮ್ಮಾ. ನೀನು ನಾಲ್ಕು ಅಂತ ಬರಿ." ಮತ್ತೆ ಕಾಜಿಸನ ಕಡೆ ತಿರುಗಿದ. "ಸುರಿಯೋ ಅದನ್ನ. ಇಲ್ಲೇ, ಎಲ್ರ ಮುಂದೆ. ಇಲ್ದಿದ್ರೆ ನಾಳೆ ಮರಳುಗಾಡಲ್ಲಿ ರೈಲು ಕಂಬಿ ಹೊರ್ತಿರ್ತೀಯ."

ಕಾಜಿಸ್ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಬಾಟಲಿ ಬಗ್ಗಿಸಿದ. ಕೆಂಪು ನೀರು ಗಳಗಳನೆ ಧೂಳಿಗೆ ಬಿತ್ತು. ಕೊನೆಯ ಹನಿಯವರೆಗೂ ಸುರಿದ.

ನಗು ನಿಂತುಹೋಯಿತು.

ಗಣಿಯ ಬಾಯಲ್ಲಿ ಒಬ್ಬ ತನ್ನ ಬಾಟಲಿಯ ನೀರನ್ನು ನೆಲಕ್ಕೆ ಸುರಿದನೆಂದರೆ ಅವತ್ತು ಯಾರೂ ಕೆಳಗೆ ಇಳಿಯುವುದಿಲ್ಲ. ಕಾರಣ ಕೇಳುವುದು ಆಮೇಲೆ. ಇದು ನಮ್ಮ ಸಾಲುಮನೆಗಳ ಕೂಸಿಗೂ ಗೊತ್ತು. ಹ್ಯಾಡೋನಿಗೂ ಗೊತ್ತಿತ್ತು. ಕಾಜಿಸನನ್ನು ಅವನು ಆ ಸಾಲಿನ ಮನುಷ್ಯನೆಂದು ಎಣಿಸಿರಲಿಲ್ಲ, ಅಷ್ಟೇ. ಗೊತ್ತಿಲ್ಲದೆ ಸುರಿದವನು ಕಾಜಿಸ್ ಒಬ್ಬನೇ.

"ಅವ್ನೇನ್ ನಮ್ಮೋನಾ?" ಯಾರೋ ಗೊಣಗಿದರು. "ಸುರಿ ಅಂದ್ರು, ಸುರ್ದ."

ಆಲ್ಫ್ ಸಾಲಿನಿಂದ ಹೊರಬಂದ. ಮಂಡಿನೋವಿನ ಮುದುಕ, ನರಳುತ್ತ ಬಗ್ಗಿ ಚಿಟಿಕೆ ಕೆಸರು ತೆಗೆದು ಮೂಸಿದ. ನನ್ನ ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದವನು. ಮತ್ತೊಮ್ಮೆ ಮೂಸಿದ.

"ಬಾಟ್ಲಿ ಯಾರ್ದಾದ್ರೇನ್ಲಾ," ಎಂದ ಎದ್ದು. "ನೀರು ನೆಲಕ್ ಬಿತ್ತಲ್ಲ."

ತನ್ನ ಬಾಟಲಿಯನ್ನು ಬೋರಲು ಹಿಡಿದ. ಆಮೇಲೆ ಹ್ಯೂ ಸುರಿದ. ಆಮೇಲೆ ಉಳಿದವರು, ಒಬ್ಬೊಬ್ಬರಾಗಿ. ಯಾರೂ ಕೂಗಲಿಲ್ಲ. ದಣಿದವರು ಬೂಟು ಬಿಚ್ಚುವ ಹಾಗೆ ಸುರಿದರು.

"ಆಲ್ಫ್! ಆ ಬಿಕನಾಸಿಗೋಸ್ಕರ ಪಾಳಿ ಬಿಡ್ತೀರೇನ್ರೋ?"

"ಸುರಿಸ್ದೋರು ನೀವಲ್ವರಾ ಸಾಹೇಬ್ರೇ?" ಎಂದ ಆಲ್ಫ್.

ನಾನು ಹೊರಗೆ ಹೋಗಿ ಕರಿಹಲಗೆಯ ಮೇಲಿದ್ದ ನಿನ್ನೆಯ ನಾಲ್ಕನ್ನು ತೋಳಿನಿಂದ ಒರೆಸಿ, ಎಂಟು ಎಂದು ಬರೆದೆ.

"ನಿಮ್ಮಮ್ಮ ಇರೋ ಮನೆ ಯಾರ್ದು ಅಂತ ನೆನಪಿದೆಯೇನಮ್ಮಾ?"

"ಇದೆ ಸಾರ್."

ಹ್ಯಾಡೋ ಗೂಟದಿಂದ ಕಾಜಿಸನ ಹಾಜರಿಯ ಹಿತ್ತಾಳೆ ಬಿಲ್ಲೆ ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ಜನ ಕರಗಿದರು. ಕೆಳಗೆ ಪಂಪು ಓಡುತ್ತಲೇ ಇತ್ತು. ಕಾಲಿಟ್ಟರೆ ನೆಲ ಸಣ್ಣಗೆ ಅದುರುತ್ತಿತ್ತು. ಅದರ ಬಳಿ ಯಾರೂ ಇರಲಿಲ್ಲ.

ಕಾಜಿಸ್ ನೀಲಗಿರಿ ಮರದ ಕೆಳಗಿನ ಬೆಂಚಿನ ತುದಿಯಲ್ಲಿ, ಖಾಲಿ ಬಾಟಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಕುಳಿತಿದ್ದ.

"ಮಿಸ್, ಎಲ್ಲಾ ಮನೆಗೆ ಹೋದರು. ನಾನು ಏನು ಮಾಡಿದೆ?"

ಅವನ ಬಾಟಲಿಯ ಕಡೆ ಬೆರಳು ಮಾಡಿ ಹೇಳಲು ಹೊರಟೆ.

ಅಷ್ಟರಲ್ಲಿ ಆಲ್ಫ್ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಆಮೇಲೆ ಕುಂಡೆ ಜರುಗಿಸಿಕೊಂಡು ಹತ್ತಿರ ಬಂದ. ಡಬ್ಬಿ ತೆರೆದ. ಕೊಬ್ಬು ಸವರಿದ ಬ್ರೆಡ್ಡು, ಅರ್ಧ ಈರುಳ್ಳಿ, ಹೆಂಡತಿ ಸುಟ್ಟ ದ್ರಾಕ್ಷಿ ಕೇಕು. ಹತ್ತು ಗಂಟೆಗೆ ಕೆಳಗೆ, ಆ ಗೋಡೆಗೆ ಒರಗಿ ಉಣ್ಣಬೇಕಾಗಿದ್ದ ಊಟ.

ಮುಖ ನೋಡದೆ, ಡಬ್ಬಿಯನ್ನು ಹಾಗೇ ಕಾಜಿಸನ ಕೈಗಿಟ್ಟ.